ಗಿರಾಕಿ ಬರ್ತಿಲ್ಲ, ಜಾಹೀರಾತಿಗೆ ದುಡ್ಡಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ. ವ್ಯಾಪಾರ ಡಲ್, ಬಾಡಿಗೆ ಕಟ್ಟೋಕೂ ಹುಟ್ಟುತ್ತಿಲ್ಲ, ಪ್ರಚಾರ ಮಾಡೋಣ ಅಂದ್ರೆ ಕೈಯಲ್ಲಿ ಕಾಸಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯೊಂದರ ಗಲ್ಲಾದ ಮೇಲೆ ಬಹಳ ವರ್ಷ ಕೂತವನು ನಾನು. 2008ರ ಆರ್ಥಿಕ ಹಿಂಜರಿತ ನೋಡಿದ್ದೇನೆ, 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಮೂರು ದಿನ ಬೋಣಿಯಾಗದೆ ಕೂತಿದ್ದೇನೆ, 2020ರಲ್ಲಿ ಷಟರ್ ಎಳೆದುಕೊಂಡು ಮನೆಯಲ್ಲಿ ಕೂತಿದ್ದೇನೆ. ಆದ್ದರಿಂದ ನಾನು ಹೇಳೋದು ಓದಿ ಕಲಿತದ್ದಕ್ಕಿಂತ ಪೆಟ್ಟು ತಿಂದು ಕಲಿತದ್ದೇ ಜಾಸ್ತಿ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಒಂದೆರಡಕ್ಕೆ ಉತ್ತರ ಉದ್ದವಾಯಿತು, ಸಹಿಸಿಕೊಳ್ಳಿ.

ಪ್ರಶ್ನೆ: ಹಾಸನದಲ್ಲಿ 11 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮೊದಲು ತಿಂಗಳಿಗೆ 60 ಬ್ಲೌಸ್ ಬರುತ್ತಿತ್ತು, ಈಗ 35 ದಾಟುತ್ತಿಲ್ಲ. ಪಕ್ಕದ ರಸ್ತೆಯವರು 350 ಇದ್ದದ್ದನ್ನು 300 ಮಾಡಿದ್ದಾರೆ. ನಾನೂ ಇಳಿಸಲಾ ಅಣ್ಣ? ಇಲ್ಲಾ ಫೇಸ್‌ಬುಕ್ಕಿನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಲಾ?

ಎರಡೂ ಬೇಡ ತಂಗಿ. ಮೊದಲು ರೇಟಿನ ಲೆಕ್ಕ ನೋಡೋಣ. 350ರಲ್ಲಿ ಲೈನಿಂಗ್, ದಾರ, ಹುಕ್ಕು ಅಂತ 100 ಹೋಯಿತು ಅಂತಿಟ್ಟುಕೊಳ್ಳಿ, ನಿಮ್ಮ ಕೈಗೆ 250. 50 ಇಳಿಸಿದರೆ ಲೈನಿಂಗ್ ಅಂಗಡಿಯವನು ತನ್ನ ರೇಟು ಇಳಿಸುತ್ತಾನಾ? ಇಲ್ಲ. ಆ 50 ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗೋದು. ಈಗ 35 ಬ್ಲೌಸಿಗೆ ನಿಮಗೆ ಸಿಗುತ್ತಿರೋದು 8,750. ರೇಟು ಇಳಿಸಿದ ಮೇಲೆ ಅದೇ ದುಡ್ಡು ನೋಡೋಕೆ 44 ಹೊಲಿಯಬೇಕು. ಮೊದಲಿನ 15,000 ಮುಟ್ಟಬೇಕಾದರೆ 75. ಅಂದರೆ ಹಿಂದಿಗಿಂತ 15 ಬ್ಲೌಸ್ ಜಾಸ್ತಿ ಹೊಲಿದು, ಸೊಂಟ ನೋಯಿಸಿಕೊಂಡು, ಹಿಂದಿನಷ್ಟೇ ಸಂಪಾದನೆ. ಪಕ್ಕದ ರಸ್ತೆಯವರು ಎಷ್ಟು ದಿನ ಹಾಗೆ ಹೊಲಿಯುತ್ತಾರೆ ನೋಡಿ. ಇನ್ನೊಂದು ವಿಷಯ, ಒಮ್ಮೆ ಇಳಿಸಿದ ರೇಟನ್ನು ಮತ್ತೆ ಏರಿಸುವಾಗ ಗಿರಾಕಿ ಮುಖ ನೋಡೋಕಾಗಲ್ಲ.

ಇನ್ನು ಜಾಹೀರಾತು. ನನ್ನದೇ ಕಥೆ ಹೇಳ್ತೀನಿ. 2009ರ ಬೇಸಿಗೆ, ವ್ಯಾಪಾರ ಮಲಗಿತ್ತು. ನಾನು ಗಾಬರಿಯಾಗಿ ಊರ ತುಂಬಾ ಫ್ಲೆಕ್ಸ್ ಕಟ್ಟಿಸಿದೆ, ಪೇಪರ್ ಏಜೆಂಟಿಗೆ ಹೇಳಿ 5,000 ಪಾಂಪ್ಲೆಟ್ ಪೇಪರಿನೊಳಗೆ ಸೇರಿಸಿದೆ. ಎಲ್ಲಾ ಸೇರಿ 22,000 ಖರ್ಚು. ಪಾಂಪ್ಲೆಟ್ ಕೈಯಲ್ಲಿ ಹಿಡಿದು ಬಂದವರು ಮೂರೇ ಮೂರು ಜನ, ಅದರಲ್ಲಿ ಒಬ್ಬರು ನಮ್ಮ ಬೀಗರ ಕಡೆಯವರು. ಎರಡು ದಿನ ಬಿಟ್ಟು ನಮ್ಮ ಹಳೇ ಬಿಲ್ ಪುಸ್ತಕ ತಿರುವಿ ಹಾಕ್ತಾ ಕೂತಿದ್ದೆ, ಸುಮ್ನೆ, ಮಾಡೋಕೆ ಬೇರೇನೂ ಕೆಲಸ ಇರಲಿಲ್ಲ. ಹಿಂದಿನ ಜೂನಿನಲ್ಲಿ ಯೂನಿಫಾರಂ ತಗೊಂಡವರ ಹೆಸರು, ಫೋನ್ ನಂಬರು, ಮಗುವಿನ ಕ್ಲಾಸು ಎಲ್ಲಾ ಅದರಲ್ಲೇ ಇತ್ತು. ಒಬ್ಬರಿಗೆ ಫೋನ್ ಮಾಡಿದೆ. "ಅಕ್ಕ, ನಿಮ್ಮ ಹುಡುಗ ಈ ಸಲ ಏಳನೇ ಕ್ಲಾಸ್ ಅಲ್ವಾ, ಹೋದ ವರ್ಷದ ಪ್ಯಾಂಟು ಗಿಡ್ಡ ಆಗಿರುತ್ತೆ, ಕೆಳಗೆ ಮಡಚಿ ಹೊಲಿದಿದ್ದು ಎರಡಿಂಚು ಇದೆ, ತಂದುಕೊಡಿ, ಬಿಚ್ಚಿ ಹೊಲಿಸಿಕೊಡ್ತೀನಿ, ದುಡ್ಡು ಬೇಡ." ಆ ಕಡೆ ಎರಡು ಕ್ಷಣ ಮಾತೇ ಇಲ್ಲ. ಆಮೇಲೆ ನಕ್ಕರು. ಸಂಜೆ ಹುಡುಗನನ್ನೂ ಕರೆದುಕೊಂಡು ಬಂದರು, ಹಳೇ ಪ್ಯಾಂಟು ಬಿಚ್ಚಿಸಿಕೊಂಡರು, ಎರಡು ಹೊಸ ಶರ್ಟು ತಗೊಂಡು ಹೋದರು. ಒಂದು ವಾರ ನಾನು ಅದೇ ಕೆಲಸ ಮಾಡಿದೆ. ಫೋನಿನ ಬಿಲ್ಲು ಬಿಟ್ಟರೆ ಖರ್ಚಿಲ್ಲ. ಆ 22,000 ಮಾತ್ರ ವಾಪಸ್ ಬರಲಿಲ್ಲ, ಅದು ಬೇರೆ ಮಾತು.

ನಿಮ್ಮ ಹತ್ತಿರ ನನ್ನ ಬಿಲ್ ಪುಸ್ತಕಕ್ಕಿಂತ ಒಳ್ಳೆಯದು ಇದೆ, ಅಳತೆ ಪುಸ್ತಕ. 11 ವರ್ಷದ್ದು. ಅದನ್ನು ತೆಗೆದು, ಆರು ತಿಂಗಳಿಂದ ಬರದವರ ಹೆಸರಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ದಿನಕ್ಕೆ ಐದು ಜನಕ್ಕೆ ಫೋನ್ ಮಾಡಿ, ಜಾಸ್ತಿ ಬೇಡ, ಐದೇ. "ವ್ಯಾಪಾರ ಇಲ್ಲ, ಬನ್ನಿ" ಅಂತ ಅಳಬೇಡಿ. "ನಿಮ್ಮ ಅಳತೆ ನನ್ನ ಹತ್ತಿರ ಇದೆ, ತೋಳು ಬಿಗಿಯಾಗಿರೋ ಹಳೇ ಬ್ಲೌಸ್ ಇದ್ದರೆ ತನ್ನಿ, ಬಿಚ್ಚಿಕೊಡ್ತೀನಿ" ಅನ್ನಿ. ಹೊಸ ಬ್ಲೌಸಿಗೆ ಬರದವರು ಹಳೇ ಬ್ಲೌಸಿಗೆ ಬರ್ತಾರೆ. ವ್ಯಾಪಾರ ಡಲ್ ಇರೋ ಕಾಲದಲ್ಲಿ ಜನ ಹೊಸದು ಕೊಳ್ಳೋದು ಕಡಿಮೆ, ಇದ್ದದ್ದನ್ನೇ ಸರಿ ಮಾಡಿಸಿಕೊಳ್ಳೋದು ಜಾಸ್ತಿ. ಅಂಗಡಿ ಬಾಗಿಲಿಗೆ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ತೂಗುಹಾಕಿ, "ಹಳೇ ರೇಷ್ಮೆ ಸೀರೆಯಲ್ಲಿ ಮಗುವಿಗೆ ಲಂಗ ಹೊಲಿದುಕೊಡಲಾಗುತ್ತದೆ." ಒಂದು ಲಂಗ ಹೊಲಿದು ಬಾಗಿಲಲ್ಲೇ ನೇತುಹಾಕಿದರೆ ಇನ್ನೂ ಒಳ್ಳೆಯದು. ಅಜ್ಜಿ ಸೀರೆ ಬೀರುವಿನಲ್ಲಿ ಮಡಚಿಟ್ಟುಕೊಂಡು ಏನು ಮಾಡೋದು ಅಂತ ಗೊತ್ತಿಲ್ಲದೆ ಕೂತವರು ಪ್ರತಿ ಬೀದಿಯಲ್ಲೂ ಇದ್ದಾರೆ.

ಫೋನ್ ಮಾಡೋ ಸಮಯವೂ ಮುಖ್ಯ. ಆಷಾಢದಲ್ಲಿ ಮದುವೆ ಇಲ್ಲ, ಬಟ್ಟೆ ಅಂಗಡಿಯವರೆಲ್ಲ ಆಷಾಢ ಸೇಲ್ ಹಾಕಿ ಸೀರೆ ಮಾರ್ತಾರೆ, ಜನ ಕಡಿಮೆಗೆ ಸಿಕ್ಕಿತು ಅಂತ ತಂದಿಡ್ತಾರೆ. ಆ ಸೀರೆಗಳಿಗೆ ಬ್ಲೌಸ್ ಬೇಕಾಗೋದು ಶ್ರಾವಣದ ವರಮಹಾಲಕ್ಷ್ಮಿಗೆ. ಹಬ್ಬದ ಹಿಂದಿನ ವಾರ ಎಲ್ಲಾ ಟೈಲರ್‌ಗಳೂ "ಆಗಲ್ಲ" ಅಂತಾರೆ. ನೀವು ಆಷಾಢದಲ್ಲೇ ಫೋನ್ ಮಾಡಿ, ಈಗ ಕೊಟ್ಟರೆ ಕುಚ್ಚು ಹಾಕಿಸಿ ಹಬ್ಬಕ್ಕೆ ಹತ್ತು ದಿನ ಮುಂಚೆ ಕೊಡ್ತೀನಿ ಅನ್ನಿ. ಹೇಳಿದ ದಿನ ಕೊಡಿ. ಟೈಲರ್ ಹೇಳಿದ ದಿನ ಬಟ್ಟೆ ಕೊಟ್ಟಳು ಅನ್ನೋದು ನಮ್ಮಲ್ಲಿ ದೊಡ್ಡ ಸುದ್ದಿ, ಅದನ್ನು ಜನರೇ ಊರೆಲ್ಲಾ ಸಾರ್ತಾರೆ.

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದ ಕಡೆ ನಮ್ಮದೊಂದು ರೊಟ್ಟಿ ಖಾನಾವಳಿ ಇದೆ ಸರ್. ದಿನಕ್ಕೆ 90 ಊಟ ಹೋಗುತ್ತಿತ್ತು, ಈಗ 55. ಇನ್‌ಸ್ಟಾಗ್ರಾಮಿನಲ್ಲಿ ಊಟದ ವಿಡಿಯೊ ಹಾಕುವ ಹುಡುಗನೊಬ್ಬ ಬಂದು ಒಂದು ರೀಲ್ಸಿಗೆ 15,000 ಕೇಳುತ್ತಿದ್ದಾನೆ. "ಅಂಗಡಿ ಮುಂದೆ ಕ್ಯೂ ನಿಲ್ಲಿಸ್ತೀನಿ" ಅಂತಾನೆ. ಕೊಡೋದಾ?

ನಿಮ್ಮ ಒಂದು ಊಟಕ್ಕೆ ಖರ್ಚು ಕಳೆದು ಎಷ್ಟು ಉಳಿಯುತ್ತೆ ಅಂತ ಬರೆದಿಲ್ಲ. 25 ಅಂತ ಹಿಡಿಯೋಣ. ಆ 15,000 ವಾಪಸ್ ಬರೋಕೆ 600 ಊಟ ಹೆಚ್ಚಿಗೆ ಹೋಗಬೇಕು. ಒಂದು ಶನಿವಾರ ಕ್ಯೂ ನಿಲ್ಲಬಹುದು, ಇಲ್ಲ ಅನ್ನಲ್ಲ. ಆದರೆ ವಿಡಿಯೊ ನೋಡಿ ದೂರದಿಂದ ಬರೋರು ಒಂದು ಸಲ ತಿಂದು, ಫೋಟೊ ತೆಗೆದು, ಮುಂದಿನ ವಾರ ಇನ್ನೊಂದು ಕಡೆ ಹೋಗ್ತಾರೆ. ಜತೆಗೆ ಕ್ಯೂ ನೋಡಿ ನಿಮ್ಮ ದಿನದ ಗಿರಾಕಿ, ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಉಂಡು ಆಫೀಸಿಗೆ ವಾಪಸ್ ಹೋಗಬೇಕಾದವರು, ಬೇರೆ ಖಾನಾವಳಿ ಹುಡುಕಿಕೊಳ್ತಾರೆ. ಕಳೆದುಕೊಂಡ 35 ಊಟ ಯಾರದು ಅಂತ ಮೊದಲು ಪತ್ತೆ ಮಾಡಿ. ಹಾಸ್ಟೆಲ್ ಹುಡುಗರಾ? ಆಫೀಸಿನವರಾ? ಮಧ್ಯಾಹ್ನ ಕಡಿಮೆಯಾಯಿತಾ, ರಾತ್ರಿಯಾ? ಒಂದು ವಾರ ಗೋಡೆಯ ಕ್ಯಾಲೆಂಡರಿನ ಮೇಲೇ ಗೀಟು ಹಾಕಿದರೆ ಗೊತ್ತಾಗುತ್ತೆ.

ದುಡ್ಡಿಲ್ಲದೆ ಮಾಡೋ ಪ್ರಚಾರ ನಿಮ್ಮ ಅಡುಗೆಮನೆಯಲ್ಲೇ ಇದೆ. ರೊಟ್ಟಿ ಬಡಿಯೋ ಅಕ್ಕಂದಿರನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ ಕೂರಿಸಿರ್ತೀರಿ, ಹೌದಲ್ವಾ? ಅವರನ್ನು ರಸ್ತೆಗೆ ಕಾಣೋ ಹಾಗೆ ಮುಂದಕ್ಕೆ ತನ್ನಿ, ಗಾಳಿ ಬೆಳಕೂ ಸಿಗುತ್ತೆ ಅವರಿಗೆ. ಅಂಗೈಯಲ್ಲಿ ರೊಟ್ಟಿ ಬಡಿಯೋ ಸದ್ದು, ಹಂಚಿನ ಮೇಲೆ ನೀರು ಸವರಿದಾಗ ಏಳೋ ಆವಿ, ಉಬ್ಬಿದ ರೊಟ್ಟಿ. ಇದನ್ನು ನೋಡಿ ನಡೆದು ಹೋಗೋನ ಹೊಟ್ಟೆ ಸುಮ್ಮನಿರುತ್ತಾ? ಬೆಂಗಳೂರಿನ ಹಳೇ ಹೋಟೆಲ್ ಎಂ.ಟಿ.ಆರ್‌.ನವರು ಇದನ್ನು ಎಷ್ಟೋ ದಶಕದ ಹಿಂದೆಯೇ ಮಾಡಿದ್ದರು. ಗಿರಾಕಿಗಳಿಗೆ ಅಡುಗೆಮನೆ ತೋರಿಸುತ್ತಿದ್ದರು, ನಮ್ಮಲ್ಲಿ ಮುಚ್ಚಿಡೋದು ಏನೂ ಇಲ್ಲ ಅಂತ. ಅದೇ ಎಂ.ಟಿ.ಆರ್‌. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿತು, ಕಷ್ಟ ಕಾಲದ ಆ ರವೆ ಇಡ್ಲಿಯೇ ಆಮೇಲೆ ಅದರ ಹೆಸರು ಹೇಳೋ ತಿಂಡಿಯಾಯಿತು.

ನಿಮಗೂ ಅಂಥದ್ದೊಂದು ಇದೆ, ಕಟಕ್ ರೊಟ್ಟಿ. ಕೆಡೋದಿಲ್ಲ, ಪಾರ್ಸಲ್ ಮಾಡೋಕೆ ಹಗುರ. ಹುಬ್ಬಳ್ಳಿಯ ಎಷ್ಟು ಮನೆಯ ಮಕ್ಕಳು ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕಿದ್ದಾರೆ! 20 ರೊಟ್ಟಿ, ಶೇಂಗಾ ಚಟ್ನಿ, ಅಗಸೆ ಚಟ್ನಿ ಸೇರಿಸಿ "ಮಗನಿಗೆ ಪಾರ್ಸಲ್" ಅಂತ ಒಂದು ಡಬ್ಬಿ ಮಾಡಿ. ಗಿರಾಕಿ ಅಂದರೆ ಮಗ ಅಲ್ಲ, ಇಲ್ಲೇ ನಿಮ್ಮ ಬೀದಿಯಲ್ಲಿರೋ ಅವನ ತಾಯಿ. ಸಾರಿಗೆ ಬಸ್ಸಿನಲ್ಲಿ 2021ರಿಂದ "ನಮ್ಮ ಕಾರ್ಗೋ" ಅನ್ನೋ ಪಾರ್ಸಲ್ ಸೇವೆ ಇದೆ, ಬಸ್ ನಿಲ್ದಾಣದಲ್ಲೇ ಕೊಟ್ಟು ಕಳಿಸಬಹುದು. ಡಬ್ಬಿಯ ರಟ್ಟು ಮಾತ್ರ ಗಟ್ಟಿಯಾಗಿರಲಿ, ಪುಡಿಯಾದ ರೊಟ್ಟಿ ಕೈಗೆ ಸಿಕ್ಕರೆ ಅದೂ ಪ್ರಚಾರವೇ, ಬೇರೆ ಥರದ್ದು.

ಇನ್ನೊಂದು ಪುಕ್ಕಟೆ ಕೆಲಸ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಖಾನಾವಳಿ ಹುಡುಕಿ ನೋಡಿ. ಬಹಳ ಸಲ ಹೆಸರು ತಪ್ಪಿರುತ್ತೆ, ಸಮಯ ತಪ್ಪಿರುತ್ತೆ, ಯಾರೋ ತೆಗೆದ ಖಾಲಿ ತಟ್ಟೆಯ ಫೋಟೊ ಇರುತ್ತೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನೋದಕ್ಕೆ ದುಡ್ಡಿಲ್ಲ. ನಿಮ್ಮದೇ ಅಂಗಡಿ ಅಂತ ತೋರಿಸಿ ನಿಮ್ಮ ಹೆಸರಿಗೆ ಮಾಡಿಕೊಳ್ಳಿ, ಸರಿಯಾದ ಸಮಯ, ಫೋನ್ ನಂಬರು, ಬಿಸಿ ರೊಟ್ಟಿಯ ಫೋಟೊ ಹಾಕಿ. ಊಟ ಮಾಡಿ ಬೆರಳು ನೆಕ್ಕಿಕೊಂಡು ಎದ್ದವರಿಗೆ ಕೈ ತೊಳೆಯೋ ಜಾಗದಲ್ಲೇ "ಊಟ ಹೇಗಿತ್ತು, ಗೂಗಲ್ಲಿನಲ್ಲಿ ಬರೀರಿ" ಅಂತ ಒಂದು ಚೀಟಿ ಅಂಟಿಸಿ. "ಗೂಗಲ್ ಕಡೆಯಿಂದ ಮಾತಾಡ್ತಿದ್ದೀವಿ, ನಿಮ್ಮ ಅಂಗಡಿ ಮೇಲೆ ಬರೋ ಹಾಗೆ ಮಾಡ್ತೀವಿ, ಇಷ್ಟು ಸಾವಿರ ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಪ್ರೊಫೈಲಿಗೆ ಗೂಗಲ್ ಕಾಸು ಕೇಳಲ್ಲ.

ಪ್ರಶ್ನೆ: ನಮ್ಮದು ಶಿರಸಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡುತ್ತೇನೆ. ದಿನಾ ವಾಟ್ಸಾಪ್ ಸ್ಟೇಟಸ್ ಹಾಕುತ್ತೇನೆ, 180 ಜನ ನೋಡುತ್ತಾರೆ, ಆರ್ಡರ್ ಮಾತ್ರ ಇಲ್ಲ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಹೋಗೋ ಒಂದೇ ಮೆಸೇಜು) ಕಳಿಸಿದರೂ ಯಾರೂ ಉತ್ತರಿಸಲ್ಲ.

ಆ 180 ಜನ ಯಾರು ಅಂತ ಒಮ್ಮೆ ಮೇಲಿಂದ ಕೆಳಗೆ ನೋಡಿ ಅಕ್ಕ. ಅತ್ತಿಗೆ, ನಾದಿನಿ, ಮಗಳ ಕ್ಲಾಸಿನ ತಾಯಂದಿರು, ಗ್ಯಾಸಿನವನು. ಶಿರಸಿಯಲ್ಲಿ ಉಪ್ಪಿನಕಾಯಿ ಭರಣಿ ಇಲ್ಲದ ಮನೆ ಯಾವುದು? ಅವರೆಲ್ಲ ಪ್ರೀತಿಯಿಂದ ನೋಡ್ತಾರೆ, ಕೊಳ್ಳಲ್ಲ. ನಿಮಗೆ ಬೇಕಾದವರು ಮಿಡಿ ಸಿಗದ ಊರಿನಲ್ಲಿದ್ದಾರೆ.

ಬ್ರಾಡ್‌ಕಾಸ್ಟಿನ ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪಟ್ಟಿಗೆ 256 ಜನ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪೋದು. ನೀವು ಕಳಿಸಿದ್ದು ಅರ್ಧ ಜನಕ್ಕೆ ಹೋಗಿಯೇ ಇಲ್ಲದೆ ಇರಬಹುದು. ಅದಕ್ಕೆ ಪ್ರತಿ ಡಬ್ಬಿಯ ಜತೆ ಒಂದು ಚೀಟಿ ಇಡಿ, "ಈ ನಂಬರನ್ನು ಉಪ್ಪಿನಕಾಯಿ ಅಕ್ಕ ಅಂತ ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ಹೇಳ್ತೀನಿ." ಹೆಸರು ಹೀಗೆ ಇದ್ದರೆ ಅವರಿಗೂ ಹುಡುಕೋಕೆ ಸುಲಭ. ಮಾಮೂಲಿ ವಾಟ್ಸಾಪ್ ಬದಲು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದೂ ಪುಕ್ಕಟೆ. ನಮ್ಮ ದೇಶಕ್ಕೆ 2018ರಲ್ಲೇ ಬಂದಿದೆ. ಅದರಲ್ಲಿ ಕ್ಯಾಟಲಾಗ್ ಮಾಡಿ ಫೋಟೊ, ತೂಕ, ರೇಟು ಹಾಕಿಟ್ಟರೆ "ಎಷ್ಟು" ಅಂತ ಕೇಳೋಕೆ ಸಂಕೋಚಪಟ್ಟು ಸುಮ್ಮನಾಗೋರೂ ನೋಡ್ತಾರೆ. ರೇಟು ಮುಚ್ಚಿಟ್ಟು "ಇನ್‌ಬಾಕ್ಸಿಗೆ ಬನ್ನಿ" ಅನ್ನೋ ಚಾಳಿ ಮಾತ್ರ ಬೇಡ, ನನಗಂತೂ ಅದು ಕಂಡರೆ ಆಗಲ್ಲ.

ರುಚಿ ನೋಡದವರು ಅರ್ಧ ಕೆಜಿ ಕೊಳ್ಳಲ್ಲ, ಕೈ ಬಿಗಿ ಇರೋವಾಗ ಇನ್ನೂ ಇಲ್ಲ. ಸಣ್ಣದು ಮಾಡಿ. ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಅನ್ನೋರು 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ಚಿಕ್ ಶಾಂಪೂ ಶುರು ಮಾಡಿದ್ದು ಸ್ಯಾಷೆಯಲ್ಲಿ. ಐದು ಖಾಲಿ ಸ್ಯಾಷೆ ತಂದುಕೊಟ್ಟರೆ ಒಂದು ಶಾಂಪೂ ಪುಕ್ಕಟೆ ಅಂದರು. ಮೊದಲು ಯಾವ ಕಂಪನಿಯ ಖಾಲಿ ಸ್ಯಾಷೆ ತಂದರೂ ಸರಿ ಅಂತಿತ್ತು, ಆಮೇಲೆ ಚಿಕ್ ಸ್ಯಾಷೆ ಮಾತ್ರ ಅಂತಾಯಿತು. ಎಂಥ ತಲೆ ನೋಡಿ! ನೀವು ಹೀಗೆ ಮಾಡಬಹುದು, ಬೆಂಗಳೂರಿನ ನೆಂಟರ ಅಪಾರ್ಟ್‌ಮೆಂಟಿಗೆ 50 ಗ್ರಾಮಿನ 20 ಪೊಟ್ಟಣ ಕಳಿಸಿ, ಪಕ್ಕದ ಮನೆಗಳಿಗೆ ಹಂಚಲಿ. ಐದು ಮನೆಯವರು ಸೇರಿ ಆರ್ಡರ್ ಕೊಟ್ಟರೆ ಸಾಗಣೆ ಖರ್ಚು ನನ್ನದು ಅನ್ನಿ. ಖಾಲಿ ಗಾಜಿನ ಬಾಟಲಿ ವಾಪಸ್ ಕೊಟ್ಟವರಿಗೆ ಮುಂದಿನ ಸಲ 20 ರೂಪಾಯಿ ಕಡಿಮೆ.

ಮಿಡಿ ಬರೋ ಮುಂಚೆಯೇ ಬುಕ್ಕಿಂಗ್ ತಗೊಳ್ಳಿ, ಅರ್ಧ ದುಡ್ಡು ಮುಂಗಡ. ನಿಮ್ಮ ಬಂಡವಾಳದ ತಲೆನೋವೂ ಇಳಿಯುತ್ತೆ, ಎಷ್ಟು ಮಿಡಿ ಕೊಯ್ಸಬೇಕು ಅನ್ನೋದೂ ಗೊತ್ತಾಗುತ್ತೆ. ಮತ್ತೆ, ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದೀರಾ? ಮನೆಯಲ್ಲಿ ಮಾಡೋರಿಗೂ ಅದು ಬೇಕು. ಸಣ್ಣವರ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಆ ನಂಬರು ಲೇಬಲ್ ಮೇಲಿದ್ದರೆ ಗುರುತಿಲ್ಲದವರೂ ಧೈರ್ಯವಾಗಿ ಕೊಳ್ತಾರೆ, 100 ರೂಪಾಯಿಗೆ ಅದಕ್ಕಿಂತ ಒಳ್ಳೆ ಜಾಹೀರಾತು ನನಗಂತೂ ಗೊತ್ತಿಲ್ಲ.

ಪ್ರಶ್ನೆ: ಅಂಗಡಿ ಮುಂದಿನ ಕಂಬ, ಸರ್ಕಲ್ಲಿನಲ್ಲೆಲ್ಲ ನಾಲ್ಕು ಫ್ಲೆಕ್ಸ್ ಕಟ್ಟಿಸಿದರೆ ಹೇಗೆ? (ಬೆಂಗಳೂರು)

ದಂಡ ಕಟ್ಟೋಕೆ ದುಡ್ಡಿದ್ದರೆ ಕಟ್ಟಿಸಿ. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಅಂಟಿಸೋದು, ಕಟ್ಟೋದು ತಪ್ಪು ಅಂತ 1981ರಿಂದಲೇ ರಾಜ್ಯದಲ್ಲಿ ಕಾನೂನಿದೆ, ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸ್ ತೆಗೆಸಿದ್ದು ನೆನಪಿರಬೇಕಲ್ವಾ. ಆ ದುಡ್ಡಿನಲ್ಲಿ ನಿಮ್ಮ ಅಂಗಡಿಯ ಬೋರ್ಡನ್ನೇ ಒರೆಸಿ, ಕೆಟ್ಟ ಟ್ಯೂಬ್‌ಲೈಟ್ ಬದಲಾಯಿಸಿ. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇದೆಯಾ ಅಂತಲೂ ನೋಡಿಕೊಳ್ಳಿ. ರಾತ್ರಿ ಏಳು ಗಂಟೆಗೆ ಎದುರು ಫುಟ್‌ಪಾತಿನಲ್ಲಿ ನಿಂತು ನಿಮ್ಮ ಅಂಗಡಿಯನ್ನು ನೀವೇ ನೋಡಿ, ತೆರೆದಿದೆಯಾ ಮುಚ್ಚಿದೆಯಾ ಅಂತ ಗೊತ್ತಾಗದ ಹಾಗೆ ಮಬ್ಬಾಗಿರೋ ಅಂಗಡಿಗಳೇ ಜಾಸ್ತಿ.

ಪ್ರಶ್ನೆ: ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆ ಕಟ್ಟೋರು ಕಡಿಮೆಯಾಗಿದ್ದಾರೆ. ವ್ಯಾಪಾರ ಉಳಿಸಿಕೊಳ್ಳೋಕೆ ಉದ್ರಿ ಜಾಸ್ತಿ ಕೊಡೋಣ ಅಂತ ಮಗ ಹೇಳ್ತಾನೆ.

ಮಗನಿಗೆ ಹೇಳಿ, ವ್ಯಾಪಾರ ಡಲ್ ಇರೋ ಕಾಲದಲ್ಲಿ ಉದ್ರಿ ಕೇಳಿಕೊಂಡು ಬರೋನು ಈಗಾಗಲೇ ಬೇರೆ ಮೂರು ಅಂಗಡಿಯಲ್ಲಿ ಬಾಕಿ ಇಟ್ಟಿರ್ತಾನೆ ಅಂತ. ಹೊಸ ಮನೆ ಕಡಿಮೆಯಾಗಿದ್ದರೆ ಹಳೇ ಮನೆ ರಿಪೇರಿ ಇದ್ದೇ ಇರುತ್ತೆ. ಸೋರೋ ನಲ್ಲಿ, ತುಕ್ಕು ಹಿಡಿದ ಚಿಲಕ, ಮಳೆಗಾಲಕ್ಕೆ ಮುಂಚೆ ತಾರಸಿ ಬಿರುಕು. ನಿಮ್ಮ ಅಂಗಡಿಗೆ ಜನರನ್ನು ಕಳಿಸೋದು ಪ್ಲಂಬರು, ಬಡಗಿ, ಗಾರೆ ಮೇಸ್ತ್ರಿ. ಅವರ ಹೆಸರು, ನಂಬರು, ಯಾವ ಕೆಲಸ ಅಂತ ಒಂದು ಪಟ್ಟಿ ಮಾಡಿ ಗಲ್ಲಾ ಪಕ್ಕ ಅಂಟಿಸಿ, "ಸಣ್ಣ ಕೆಲಸಕ್ಕೂ ಬರುತ್ತಾರೆ" ಅಂತ ಬರೆದು. ಸಣ್ಣ ರಿಪೇರಿಗೆ ಯಾರೂ ಸಿಗಲ್ಲ ಅನ್ನೋದೇ ಎಲ್ಲರ ಗೋಳು. ಗಿರಾಕಿಗೆ ಕೆಲಸದವನು ಸಿಕ್ಕ, ಕೆಲಸದವನಿಗೆ ಕೂಲಿ ಸಿಕ್ಕಿತು, ನಲ್ಲಿ ನಿಮ್ಮ ಅಂಗಡಿಯಲ್ಲೇ ಹೋಯಿತು. ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳೋ ಪೆನ್ಸಿಲಿನ ಮೇಲೆ ಅಂಗಡಿಯ ಹೆಸರು, ನಂಬರು ಅಚ್ಚು ಹಾಕಿಸಿ ಕೊಡಿ, ಅದು ಮನೆ ಮನೆಗೆ ಹೋಗಿ ಅಲ್ಲೇ ಮರೆತು ಉಳಿಯುತ್ತೆ. ಮರೆಯಲಿ ಅಂತಲೇ ಕೊಡೋದು.

ಪ್ರಶ್ನೆ: ಕಾಂಡಿಮೆಂಟ್ಸ್ ಅಂಗಡಿ ನಮ್ಮದು. ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಹೆದರಿ ಫೋನ್‌ಪೇ ಸ್ಕ್ಯಾನರ್ ತೆಗೆದುಬಿಟ್ಟೆ. ಸಂಜೆ ವ್ಯಾಪಾರ ಬಿದ್ದುಹೋಯಿತು. ಮತ್ತೆ ಇಡಲಾ?

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಾಗ ಬೆಂಗಳೂರಿನ ತುಂಬಾ "ಓನ್ಲಿ ಕ್ಯಾಶ್" ಚೀಟಿ ಅಂಟಿದ್ದವು. ನಿಮ್ಮ ಭಯ ಅರ್ಥವಾಗುತ್ತೆ. ಆದರೆ ಕ್ಯಾಶ್ ತಗೊಂಡರೂ ವಹಿವಾಟು ವಹಿವಾಟೇ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಟೀ, ತಿಂಡಿ ಮಾಡಿ ಕೊಡೋದೂ ಇದ್ದರೆ ನಿಮ್ಮದು ಯಾವ ಲೆಕ್ಕಕ್ಕೆ ಬರುತ್ತೆ ಅಂತ ಒಬ್ಬ ಅಕೌಂಟೆಂಟನ್ನು ಕೇಳಿ, ಒಂದು ಸಲದ ಫೀಸು ಹೋದರೆ ಹೋಗಲಿ. ಸ್ಕ್ಯಾನರ್ ಇವತ್ತು ಸಂಜೆಯೇ ವಾಪಸ್ ಇಡಿ. ಚಿಪ್ಸ್ ಕೈಗೆ ತಗೊಂಡು, ಸ್ಕ್ಯಾನರ್ ಹುಡುಕಿ, ಇಲ್ಲ ಅಂತ ಗೊತ್ತಾಗಿ ಪೊಟ್ಟಣ ವಾಪಸ್ ಇಟ್ಟು ಹೋದವನು ಪಕ್ಕದ ಅಂಗಡಿಯ ಗಿರಾಕಿಯಾಗಿರ್ತಾನೆ. ಮನೆಯ ಖರ್ಚಿಗೂ ಅಂಗಡಿಗೂ ಒಂದೇ ನಂಬರು ಬಳಸ್ತಿದ್ದರೆ ಮಾತ್ರ ಬೇರೆ ಮಾಡಿ. ಭಾವಮೈದ ಕಳಿಸಿದ ಕೈಸಾಲವೂ ಅಂಗಡಿಯ ವಹಿವಾಟಿನ ಹಾಗೆ ಕಂಡರೆ ಆಮೇಲೆ ಬಿಡಿಸಿ ಹೇಳೋದು ಕಷ್ಟ.

ಮುಂದಿನ ಸಂಚಿಕೆಗೆ ಬರೆಯೋರು ಬರೀ "ವ್ಯಾಪಾರ ಇಲ್ಲ" ಅಂತ ಬರೆದು ಕಳಿಸಬೇಡಿ. ಏನು ಮಾರ್ತೀರಿ, ಒಂದರ ಮೇಲೆ ಎಷ್ಟು ಉಳಿಯುತ್ತೆ, ವಾರದಲ್ಲಿ ಯಾವ ದಿನ ಚೆನ್ನಾಗಿರುತ್ತೆ, ಕೊನೆಯದಾಗಿ ಬರೋದು ಬಿಟ್ಟ ಗಿರಾಕಿ ಯಾರು, ಇಷ್ಟು ಬರೆಯಿರಿ. ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತೆ.